ನೀರಿನ ಚೀಲ ಒಣಗುವ ತನಕ

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಮಠದಲ್ಲಿ ಇದ್ದವರು ಮೂವರೇ.

ನಿರುಪಾದಜ್ಜ ಗುರುಗಳು. ವಯಸ್ಸು ಎಂಬತ್ತರ ಹತ್ತಿರ. ವಾತದಿಂದ ಬೆರಳು ಸೊಟ್ಟಗಾಗಿದ್ದವು, ಮಾತು ಮಾತ್ರ ನೆಟ್ಟಗಿತ್ತು.

ಅಡಿವೆಪ್ಪ ಶಿಷ್ಯ. ನಲವತ್ತು ದಾಟಿದವನು. ಮಠಕ್ಕೆ ಬಂದು ಆರು ವರ್ಷವಾಗಿತ್ತು.

ಮೂರನೆಯವಳು ನೀಲಗಂಗವ್ವ. ಮೂವತ್ತೆಂಟು ವರ್ಷದಿಂದ ಮಠದ ಒಲೆ ಅವಳದೇ.

ಅಡಿವೆಪ್ಪನಿಗೆ ಒಂದು ಹೆಸರಿತ್ತು. ಅವನು ಮುಟ್ಟಿದ್ದೆಲ್ಲ ಸ್ವಚ್ಛ ಅಂತ. ಅವನು ತಿಕ್ಕಿದ ತಂಬಿಗೆಯಲ್ಲಿ ಮುಖ ನೋಡಿಕೊಂಡು ವಿಭೂತಿ ಹಚ್ಚಿಕೊಳ್ಳಬಹುದು ಎನ್ನುತ್ತಿದ್ದರು. ಅವನು ಅಂಗಳಕ್ಕೆ ಬಂದರೆ ಸಾಕು, ಭಕ್ತರು ತಾವಾಗಿಯೇ ಚಪ್ಪಲಿ ಸಾಲಾಗಿ ಜೋಡಿಸುತ್ತಿದ್ದರು.

ಈ ಹೆಸರು ಅವನಿಗೆ ಹಿತವಾಗಿತ್ತು. ಯಾರಿಗೆ ಹಿತವಾಗುವುದಿಲ್ಲ ಹೇಳಿ?

ವರ್ಷಕ್ಕೊಮ್ಮೆ, ಚೈತ್ರದಲ್ಲಿ, ಮಠದಿಂದ ಮಲ್ಲಯ್ಯನ ಬೆಟ್ಟಕ್ಕೆ ಪಾದಯಾತ್ರೆ. ಐದು ದಿನದ ದಾರಿ. ಕೊನೆಯ ಎರಡು ದಿನ ಬರೀ ಅಡವಿ. ಅಲ್ಲಿ ಹೊತ್ತುಕೊಂಡು ಹೋದ ನೀರೇ ನೀರು.

ಹಿಂದಿನ ವರ್ಷ, ಗುಡ್ಡ ಹತ್ತುವ ಹುಚ್ಚಿನ ಭಕ್ತನೊಬ್ಬ ಅಜ್ಜನಿಗೆ ಒಂದು ನೀರಿನ ಚೀಲ ತಂದುಕೊಟ್ಟಿದ್ದ. ಬೆನ್ನಿಗೆ ಹಾಕಿಕೊಳ್ಳುವಂಥದು. ಒಳಗೆ ಮೆತ್ತನೆಯ ಪ್ಲಾಸ್ಟಿಕ್ಕಿನ ಕೋಶ, ಎರಡು ಲೀಟರ್ ಹಿಡಿಯುತ್ತದೆ. ಅದರಿಂದ ಹೊರಟ ಒಂದು ನಳಿಕೆ ಹೆಗಲ ಮೇಲಿಂದ ಮುಂದಕ್ಕೆ ಬರುತ್ತದೆ. ನಳಿಕೆಯ ತುದಿಗೆ ರಬ್ಬರಿನ ತೊಟ್ಟು. ಅದನ್ನು ಕಚ್ಚಿ ಹೀರಿದರೆ ನೀರು.

ಸೊಟ್ಟ ಬೆರಳಿನ ಅಜ್ಜನಿಗೆ ತಂಬಿಗೆ ಹಿಡಿಯುವುದು ಕಷ್ಟ. ಆದ್ದರಿಂದ ಚೀಲ ಅಡಿವೆಪ್ಪನ ಬೆನ್ನಿಗೆ, ನಳಿಕೆ ಅಜ್ಜನ ಬಾಯಿಗೆ.

"ಈ ವಯಸ್ಸಿನ್ಯಾಗ ನನ್ನ ಮೊಲಿ ಚೀಪೂ ಕರಾ ಮಾಡಿದ್ರಲ್ಲೋ" ಎಂದು ಅಜ್ಜ ದಾರಿಯುದ್ದಕ್ಕೂ ನಕ್ಕಿದ್ದರು.

ಬೆಟ್ಟದ ಮೇಲೊಂದು ಕೊಳ. ಅದರ ನೀರು ತೀರ್ಥ. ಬರುವಾಗ ಎಲ್ಲರೂ ಗಿಂಡಿಯಲ್ಲಿ ತುಂಬಿಕೊಂಡು ಬಂದು ಊರಿನವರಿಗೆ ಹಂಚುತ್ತಾರೆ. ಅಡಿವೆಪ್ಪ ಚೀಲದಲ್ಲೇ ತುಂಬಿ ತಂದ. ಹಂಚಿದ. ಹಂಚಿದ ಮೇಲೂ ತಳದಲ್ಲಿ ಅರ್ಧ ಲೋಟದಷ್ಟು ಉಳಿಯಿತು.

ಈ ಅರ್ಧ ಲೋಟದಿಂದ ಅಡಿವೆಪ್ಪನಿಗೆ ದೊಡ್ಡ ಪೇಚಾಟ ಶುರುವಾಯಿತು. ತಳದ ನೀರನ್ನು ಇನ್ನೊಬ್ಬರ ಕೈಗೆ ಹೇಗೆ ಹಾಕುವುದು? ನೆಲಕ್ಕೆ ಚೆಲ್ಲೋಣವೆಂದರೆ ತೀರ್ಥ, ಕಾಲು ತುಳಿಯುವಲ್ಲಿ ಬೀಳಬಾರದು. ಬೇವಿನ ಗಿಡದ ಬುಡಕ್ಕೆ ಹಾಕೋಣವೆಂದರೆ ಅಲ್ಲಿ ನಾಯಿ ಮಲಗುತ್ತದೆ.

ಅರ್ಧ ದಿನ ಯೋಚಿಸಿದ. ಕೊನೆಗೆ ತೀರ್ಥವನ್ನು ಅಲ್ಲೇ ಬಿಟ್ಟು ಮುಚ್ಚಳ ಬಿಗಿದ. ಚೀಲದ ಹೊರಮೈಯನ್ನು ಮೂರು ಸಲ ತೊಳೆದ, ಒರೆಸಿದ. ನಳಿಕೆ ಸುತ್ತಿ, ಮಡಿ ವಸ್ತ್ರದಲ್ಲಿ ಗಂಟು ಕಟ್ಟಿ, ಪೂಜೆಯ ಕೋಣೆಯ ಗೂಡಿನಲ್ಲಿ ಇಟ್ಟ.

"ಚೀಲ ತೊಳದೇನೋ?" ಅಜ್ಜ ಕೇಳಿದರು.

"ಮೂರು ಸಲ ತೊಳದೀನ್ರಿ ಅಜ್ಜಾರ."

ಸುಳ್ಳೇನಲ್ಲ. ಗಂಟು ಗೂಡಿನಲ್ಲಿ ಹನ್ನೊಂದು ತಿಂಗಳು ಕೂತಿತು. ದಿನಾ ಅದರ ಮುಂದೆ ಊದಿನಕಡ್ಡಿ ಕೂಡ ಉರಿಯಿತು.

ಮತ್ತೆ ಚೈತ್ರ ಬಂತು.

"ನನ್ನ ಮೊಣಕಾಲು ಮುಗದಾವು" ಅಂದರು ಅಜ್ಜ. "ಈ ಸಲ ನಾ ಒಲ್ಲೆ. ನೀಲಗಂಗವ್ವ ಹೋಗ್ಲಿ."

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು.

ಮೂವತ್ತೆಂಟು ವರ್ಷ ಯಾತ್ರೆಯವರಿಗೆ ರೊಟ್ಟಿ ಬಡಿದು ಕಟ್ಟಿಕೊಟ್ಟವಳು ಅವಳು. ಒಮ್ಮೆಯೂ ಬೆಟ್ಟ ನೋಡಿರಲಿಲ್ಲ. ಒಲೆ ನೋಡಿಕೊಳ್ಳಲು ಒಬ್ಬರು ಇರಲೇಬೇಕಿತ್ತಲ್ಲ.

"ಒಲಿ ಯಾರ ನೋಡ್ತಾರ್ರಿ?" ಬಾಗಿಲಿಗೆ ಬಂದು ಕೇಳಿದಳು.

"ನಾ ನೋಡ್ತೀನಿ."

"ನೀವು ಒಲಿ ಮುಂದ ಕುಂತ್ರ ಮಠ ಉಳಿಯಂಗಿಲ್ರಿ ಅಜ್ಜಾರ."

"ಹೋದ್ರ ಹೋಗ್ಲಿ. ನೀ ಬಂದ ಮ್ಯಾಲೆ ಮತ್ತ ಕಟ್ಟೂಣಂತ."

ಅವಳು ನಕ್ಕಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಒಂದೇ ಒಂದು ಅಂಜಿಕೆ ಇತ್ತು. ಹೋದ ಮಳೆಗಾಲದಲ್ಲಿ ನೀಲಗಂಗವ್ವನಿಗೆ ಕಾಮಾಲೆಯಾಗಿ ಬದುಕಿದ್ದೇ ಹೆಚ್ಚು ಅನ್ನುವಂತಾಗಿತ್ತು. ಡಾಕ್ಟರು, "ನಡೀಲಿ, ತೊಂದರೆ ಇಲ್ಲ. ಆದರೆ ಕೆಟ್ಟ ನೀರು ಮಾತ್ರ ಹೊಟ್ಟೆಗೆ ಹೋಗಬಾರದು" ಅಂತ ಎರಡೆರಡು ಸಲ ಹೇಳಿದ್ದರು.

"ಅಡಿವೆಪ್ಪಾ" ಅಂದರು ಅಜ್ಜ, "ಈಕಿ ನೀರಿನ ಜವಾಬ್ದಾರಿ ನಿಂದು. ನಿನಗಿಂತ ಸ್ವಚ್ಛ ಮನಷ್ಯಾನ್ನ ಎಲ್ಲಿ ಹುಡುಕ್ಲಿ?"

ಹೊರಡಲು ಎರಡು ದಿನ ಇತ್ತು. ಅಡಿವೆಪ್ಪ ಮಿಂದು, ಗೂಡಿನಿಂದ ಗಂಟು ಇಳಿಸಿ, ಮುಚ್ಚಳ ತಿರುಗಿಸಿದ.

ಮೊದಲು ಬಂದದ್ದು ವಾಸನೆ.

ತಳದಲ್ಲಿ ಲೋಳೆ. ಗೋಡೆಗೆ ಬೂಷ್ಟು. ನಳಿಕೆಯ ಒಳಗೆ ಉದ್ದಕ್ಕೂ ಕಪ್ಪು ಚುಕ್ಕೆ, ಸಾಸಿವೆ ಚೆಲ್ಲಿದ ಹಾಗೆ.

ಅಡಿವೆಪ್ಪ ಥಟ್ಟನೆ ಮುಚ್ಚಳ ಹಾಕಿ ಸುತ್ತ ನೋಡಿದ. ಯಾರೂ ಇರಲಿಲ್ಲ. ಯಾರಾದರೂ ಇದ್ದಿದ್ದರೆ ಒಳ್ಳೆಯದಾಗುತ್ತಿತ್ತು.

ಚೀಲವನ್ನು ಪಂಚೆಯಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದ. ನಾಯಿ ಮುಟ್ಟಬಾರದೆಂದು ವರ್ಷವಿಡೀ ಕಾಪಾಡಿದ ತೀರ್ಥವನ್ನು ಬಚ್ಚಲಿಗೆ ಸುರಿದ. ಸಾಬೂನು ಹಾಕಿದ, ಕುಲುಕಿದ, ಚೆಲ್ಲಿದ. ಮತ್ತೆ ಹಾಕಿದ, ಮತ್ತೆ ಕುಲುಕಿದ. ಕೋಶ ಒಂದು ಮಟ್ಟಿಗೆ ತಿಳಿಯಾಯಿತು.

ನಳಿಕೆ ಆಗಲಿಲ್ಲ. ಅದರೊಳಗೆ ಬೆರಳು ಹೋಗುವುದಿಲ್ಲ. ಕಸಬರಿಗೆ ಕಡ್ಡಿ ತೂರಿಸಿದ, ಅರ್ಧಕ್ಕೇ ಮುರಿಯಿತು. ಊದಿದ, ಹೀರಿದ, ಬಡಿದ. ಚುಕ್ಕೆಗಳು ಕದಲಲಿಲ್ಲ.

ಆಗ ಅವನು ಒಂದು ಕೆಲಸ ಮಾಡಿದ. ಕಾವಿ ಬಟ್ಟೆಯ ಪಟ್ಟಿ ಹರಿದು, ನಳಿಕೆಗೆ ಈ ತುದಿಯಿಂದ ಆ ತುದಿಯವರೆಗೆ ಸುತ್ತಿ, ಸೂಜಿ ತಗೊಂಡು ಚಂದಗೆ ಹೊಲಿದ.

ನೀಲಗಂಗವ್ವ ನೋಡಿದಳು. "ನಳಿಕಿಗೂ ಅಂಗಿ ಹೊಲದಿ?"

"ಬಿಸಲಿಗೆ ನೀರು ಕಾಯಬಾರದಂತ, ಅವ್ವಾ."

"ಎಷ್ಟ ಕಾಳಜಿ ಮಾಡ್ತೀಯೋ ನನ್ನಪ್ಪಾ!"

ಅಡಿವೆಪ್ಪ ಸೂಜಿ ತೆಗೆದಿಡುವ ನೆಪದಲ್ಲಿ ಮುಖ ತಿರುಗಿಸಿದ. ಇಷ್ಟು ಸಾಬೂನು ಹಾಕಿದ್ದೇನೆ, ಇನ್ನೇನು ಉಳಿದಿರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮರುದಿನ ಬೆಳಿಗ್ಗೆ ಅಜ್ಜ ಇಬ್ಬರನ್ನೂ ಕರೆದರು. "ನಾಳೆ ಹೊರಡೂದು. ಇವತ್ತ ಹೊಳಿಗುಂಟ ಒಂದು ಹರದಾರಿ ನಡದು ಬರ್ರಿ. ಈಕಿ ಕಾಲು ಏನಂತಾವ ನೋಡೂಣು."

ನಡೆದರು. ಕಾಲು ಚೆನ್ನಾಗಿಯೇ ಇದ್ದವು. ಮೂವತ್ತೆಂಟು ವರ್ಷ ಒಲೆಯಿಂದ ಬಾವಿಗೆ, ಬಾವಿಯಿಂದ ಒಲೆಗೆ ಓಡಾಡಿದ ಕಾಲು ಅವು.

ಹುಣಸೆ ಮರದ ನೆರಳಲ್ಲಿ ಅವಳು ಅಡಿವೆಪ್ಪನ ಬೆನ್ನಿನ ಚೀಲದ ನಳಿಕೆ ಬಾಯಿಗಿಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹೆಂಗೈತಿ ಅವ್ವಾ?"

"ಚಲೋ ಐತಿ."

ಹೊಳೆ ದಾಟುವಲ್ಲಿ ಇನ್ನೊಮ್ಮೆ ಇಟ್ಟಳು. ಅಡಿವೆಪ್ಪ ಅವಳ ಗಂಟಲನ್ನೇ ನೋಡುತ್ತಿದ್ದ. ಅವಳು ಮತ್ತೆ ಬಾಯಿ ಒರೆಸಿಕೊಂಡು ಮುಂದೆ ನಡೆದಳು.

ಮಧ್ಯಾಹ್ನ ಅಡುಗೆಮನೆಯಿಂದ ಹೊಗೆ ಬರಲಿಲ್ಲ. ಅಡಿವೆಪ್ಪ ಹೋಗಿ ನೋಡಿದರೆ ನೀಲಗಂಗವ್ವ ಮೂಲೆಯಲ್ಲಿ ಮೊಣಕಾಲು ಮಡಿಚಿಕೊಂಡು ಮಲಗಿದ್ದಳು.

"ಯಾಕ ಅವ್ವಾ?"

"ಹೊಟ್ಟಿ ಒಂಥರಾ ಆಗೇತೋ ತಮ್ಮಾ. ಸ್ವಲ್ಪ ಅಡ್ಡಾಗ್ತೀನಿ."

ಅಡಿವೆಪ್ಪ ಅಲ್ಲಿ ನಿಲ್ಲಲಾರದೆ ಹೊರಬಿದ್ದ.

ಕೋಣೆಗೆ ಹೋದ. ಹೊರಗೆ ಬಂದ. ಮತ್ತೆ ಒಳಗೆ ಹೋದ. ಕಣ್ಣು ಮುಚ್ಚಿದರೆ ಹೋದ ವರ್ಷದ ಅವಳ ಹಳದಿ ಕಣ್ಣೇ ಕಾಣುತ್ತಿದ್ದವು. ಕೊನೆಗೆ ತಡೆಯಲಾಗದೆ ಹೊಳೆಯ ಮೆಟ್ಟಿಲಿಗೆ ಬಂದ. ಅಜ್ಜ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಹೊತ್ತು ಇಳಿಯುತ್ತಿತ್ತು.

"ಅಜ್ಜಾರ, ನಾಳೆ ಯಾತ್ರಿ ಬ್ಯಾಡ್ರಿ."

"ಯಾಕ?"

"ನೀಲಗಂಗವ್ವಗ ಆರಾಮಿಲ್ರಿ."

"ಏನಾಗೇತಿ?"

ಅಡಿವೆಪ್ಪನ ಬಾಯಿಂದ ಒಮ್ಮೆಲೇ ಎಲ್ಲ ಹೊರಗೆ ಬಂತು. ಅರ್ಧ ಲೋಟ ತೀರ್ಥ, ಮೂರು ಸಲ ತೊಳೆದ ಹೊರಮೈ, ಲೋಳೆ, ಬಚ್ಚಲು, ಕಾವಿ ಬಟ್ಟೆಯ ಹೊಲಿಗೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟ.

ಅಜ್ಜ ಸಿಟ್ಟಾಗಲಿಲ್ಲ. "ತೀರ್ಥ ಆ ಬೇವಿನ ಗಿಡಕ್ಕ ಹಾಕಬೇಕಿತ್ತು" ಅಂದರು.

"ಅಲ್ಲಿ ನಾಯಿ ಮಲಗತೈತ್ರಿ."

"ಮಲಗ್ಲಿ ಬಿಡು. ಅದಕ್ಕೂ ಒಂದು ಯಾತ್ರಿ ಆಗ್ತಿತ್ತು."

ಅಡಿವೆಪ್ಪ ಕಣ್ಣು ಒರೆಸಿಕೊಂಡು ನಿಂತ. ಗುರುಗಳು ಕ್ಷಮಿಸಿದರು, ಇನ್ನೇನು ಮಾಡಬೇಕೋ ಅವರೇ ಹೇಳುತ್ತಾರೆ ಎಂದು ಕಾದ.

"ನನ್ನ ಮುಂದ ಯಾಕ ನಿಂತೀ?" ಅಂದರು ಅಜ್ಜ. "ಆ ನೀರು ಕುಡದಾಕಿ ನಾನಲ್ಲ."

ಮೆಟ್ಟಿಲಿನಿಂದ ಅಡುಗೆಮನೆಗೆ ಮೂವತ್ತು ಹೆಜ್ಜೆ. ಐದು ದಿನದ ಬೆಟ್ಟದ ದಾರಿ ಅಡಿವೆಪ್ಪನಿಗೆ ಎಂದೂ ಇಷ್ಟು ದೂರ ಅನಿಸಿರಲಿಲ್ಲ.

ಹೋದವನೇ ಅವಳ ಕಾಲ ಹತ್ತಿರ ಕೂತ. ಚೀಲ ಮುಂದಿಟ್ಟ. ಚಂದಗೆ ಹಾಕಿದ ಹೊಲಿಗೆಯನ್ನು ಹಲ್ಲಿನಿಂದಲೇ ಕಿತ್ತು ಬಟ್ಟೆ ಬಿಚ್ಚಿದ. ಕಪ್ಪು ಚುಕ್ಕೆಗಳನ್ನು ಅವಳ ಕಣ್ಣ ಮುಂದೆ ಹಿಡಿದ.

"ಅವ್ವಾ, ನಾ ನಿನಗ ಇದರಾಗಿನ ನೀರು ಕುಡಿಸೀನಿ. ಗೊತ್ತಿದ್ದೂ ಕುಡಿಸೀನಿ. ಡಾಕ್ಟರ ಕಡೆ ಹೋಗೂಣು, ಏಳು."

ನೀಲಗಂಗವ್ವ ಎದ್ದು ಕೂತಳು. ನಳಿಕೆ ನೋಡಿದಳು. ಅವನ ಮುಖ ನೋಡಿದಳು. ನಗತೊಡಗಿದಳು.

"ಅಯ್ಯ ನನ್ನಪ್ಪಾ! ನಾ ಅದನ್ನ ಕುಡದೇ ಇಲ್ಲ!"

"ಎರಡು ಸಲ ಬಾಯಿಗಿಟ್ಟಿದ್ಯಲ್ಲ?"

"ಇಟ್ಟಿದ್ದೆ. ಮೊದಲನೇ ಸಲ ಹೀರಿದ ಕೂಡಲೇ ಕೊಳತ ನಾತ ಬಂತು. ಸೆರಗಿನ್ಯಾಗ ಉಗಳಿದೆ. ಎರಡನೇ ಸಲ ಬರೇ ಕಚ್ಚಿ ಹಿಡದಿದ್ದೆ, ನೀ ನೋಡ್ತೀ ಅಂತ."

"ಮತ್ತ ಹೊಟ್ಟಿ?"

ಅವಳು ಸ್ವಲ್ಪ ನಾಚಿಕೊಂಡಳು. "ಬಾಯಾಗಿನ ನಾತ ಹೋಗ್ಲಿ ಅಂತ ಹುಣಸಿಹಣ್ಣು ಆರಿಸಿ ತಿಂದೆ. ಹತ್ತು ತಿಂದ್ನೋ ಹದಿನೈದು ತಿಂದ್ನೋ. ಖಾಲಿ ಹೊಟ್ಟಿ. ಅದು ಸುಮ್ಮನಿರತೈತೇನು?"

ಅಡಿವೆಪ್ಪ ಅಲ್ಲೇ ಒಲೆಯ ಕಟ್ಟೆಗೆ ಒರಗಿದ. ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಅಳುತ್ತಿದ್ದೇನೆಯೋ ನಗುತ್ತಿದ್ದೇನೆಯೋ ಅವನಿಗೇ ತಿಳಿಯಲಿಲ್ಲ. ಹುಣಸೆ ಮರ ಎದುರಿಗಿದ್ದಿದ್ದರೆ ಅದಕ್ಕೂ ಕೈ ಮುಗಿಯುತ್ತಿದ್ದ.

ಉಸಿರು ತಹಬಂದಿಗೆ ಬಂದ ಮೇಲೆ ಕೇಳಿದ. "ಯಾಕ ಹೇಳಲಿಲ್ಲ ಅವ್ವಾ? ನಾತ ಬರ್ತೈತಿ ಅಂತ ಒಂದು ಮಾತು ಅಂದಿದ್ರ ಆಗ್ತಿತ್ತಲ್ಲ."

"ನಿನಗಾ?" ನೀಲಗಂಗವ್ವ ಕಣ್ಣು ಅರಳಿಸಿದಳು. "ನಾ ತೊಳದಿಟ್ಟ ಪಾತ್ರಿ ಮತ್ತೊಮ್ಮೆ ತೊಳಿಯಾಂವ ನೀನು. ನಿನ್ನ ಚೀಲ ನಾರತೈತಿ ಅಂತ ಯಾವ ಬಾಯಿಲೆ ಹೇಳ್ಲಿ? ನನ್ನ ಮೂಗ ಕೆಟ್ಟೈತಿ ಅನ್ಕೊಂಡೆ."

"ಐದು ದಿನ ಹೆಂಗ ಮಾಡಾಕಿ ಇದ್ದಿ?"

ಅವಳು ತಲೆದೆಸೆಯ ಗಂಟಿನಿಂದ ಒಂದು ಬಾಟಲಿ ತೆಗೆದು ತೋರಿಸಿದಳು. ಔಷಧಿಯ ಬಾಟಲಿ. ಒಂದು ಲೋಟ ನೀರು ಹಿಡಿದರೆ ಹೆಚ್ಚು.

"ನೀ ಅತ್ಲಾಗ ಹ್ವಾದಾಗ ಒಂದೊಂದು ಗುಟುಕು ಕುಡಿಬೇಕು ಅಂತ ಮಾಡಿದ್ದೆ."

ಅಡಿವೆಪ್ಪನ ನಗು ಅಲ್ಲಿಗೇ ನಿಂತಿತು. ಎರಡು ದಿನದ ಅಡವಿ, ಚೈತ್ರದ ಬಿಸಿಲು, ಈ ಬಾಟಲಿ. ಅವನ ಬೆನ್ನ ಮೇಲೆ ಎರಡು ಲೀಟರ್ ನೀರು ಇದ್ದರೂ, ಪಕ್ಕದಲ್ಲೇ ಇವಳು ಒಣಗಿದ ಬಾಯಲ್ಲಿ ನಡೆಯುವವಳಿದ್ದಳು. ಅವನಿಗೆ ಬೇಸರವಾಗಬಾರದಲ್ಲ, ಅದಕ್ಕೆ.

ಬಾಗಿಲಲ್ಲಿ ಅಜ್ಜ ಬಂದು ನಿಂತಿದ್ದರು.

"ಅಜ್ಜಾರ, ಎಲ್ಲಾರೂ ನನಗ ಇಷ್ಟ ಅಂಜತಾರೇನ್ರಿ?"

"ಎಲ್ಲಾರದು ಗೊತ್ತಿಲ್ಲ. ನಾ ಮಾತ್ರ ನಿನ್ನ ಕೋಣಿಗೆ ಬರೂ ಮುಂದ ಎರಡು ಸಲ ಕಾಲು ತೊಳಕೋತಿದ್ದೆ."

ನೀಲಗಂಗವ್ವ ಒಲೆ ಹೊತ್ತಿಸಿದಳು, ನೀರಿಟ್ಟಳು. ನೀರು ಕುದಿಯುವ ಮೊದಲೇ ಅಜ್ಜ ಇಳಿಸಲು ಹೇಳಿದರು. ಕುದಿಯುವ ನೀರಿಗೆ ಪ್ಲಾಸ್ಟಿಕ್ ಮುದುಡುತ್ತದೆ. ಅಡುಗೆ ಸೋಡಾ ಎರಡು ಚಮಚ ಹಾಕಿ ಕೋಶದ ತುಂಬ ಹೊಯ್ದು ಸ್ವಲ್ಪ ಹೊತ್ತು ಬಿಟ್ಟರು. ಆಮೇಲೆ ಮೆತ್ತನೆಯ ಬ್ರಷ್ಷಿನಿಂದ ಮೂಲೆ ಮೂಲೆ ಉಜ್ಜಿ, ನಿಂಬೆರಸದ ನೀರಿನಲ್ಲಿ ತೊಳೆದರು. ತುದಿಯ ರಬ್ಬರ್ ತೊಟ್ಟನ್ನು ಎಳೆದು ಬಿಚ್ಚಿದರೆ ಎಲ್ಲಕ್ಕಿಂತ ಹೆಚ್ಚು ಕರಿ ಅದರಲ್ಲೇ ಕೂತಿತ್ತು. ಅದು ಬಿಚ್ಚುತ್ತದೆ ಎನ್ನುವುದೇ ಅಡಿವೆಪ್ಪನಿಗೆ ಗೊತ್ತಿರಲಿಲ್ಲ.

"ನಳಿಕಿ ಏನ ಮಾಡೂದ್ರಿ? ಅದರಾಗ ಏನೂ ಹೋಗಂಗಿಲ್ಲ."

ಅಜ್ಜ ಒಂದು ಉದ್ದ ದಾರ ತರಿಸಿದರು. ಅದರ ತುದಿಗೆ ಅರಳೆಯ ಸಣ್ಣ ಉಂಡೆ ಕಟ್ಟಿಸಿದರು. ಅಡಿವೆಪ್ಪ ನಳಿಕೆಯನ್ನು ನೆಟ್ಟಗೆ ಎತ್ತಿ ಹಿಡಿದ, ನೀಲಗಂಗವ್ವ ಮೇಲಿಂದ ನೀರು ಹೊಯ್ದಳು. ನೀರಿನ ಜೊತೆ ಉಂಡೆ ಜಾರಿ ಕೆಳಗೆ ಬಂತು, ಅದರ ಹಿಂದೆ ದಾರವೂ ಬಂತು. ದಾರಕ್ಕೆ ಸೋಡಾ ನೀರಿನಲ್ಲಿ ಅದ್ದಿದ ಬಟ್ಟೆಯ ಗಂಟು ಕಟ್ಟಿ ಎಳೆದರು.

ಮೊದಲನೆಯ ಬಟ್ಟೆ ಕಪ್ಪಗೆ ಹೊರಬಂತು. ಮೂರನೆಯದು ಬೂದಿ ಬಣ್ಣ. ಏಳನೆಯದು ಬಿಳಿ.

ಅಡಿವೆಪ್ಪ ಎಲ್ಲವನ್ನೂ ಮತ್ತೆ ತೊಳೆದು, ಎತ್ತಿ ನೋಡಿದ. ಕೋಶ ಥಳಥಳ ಹೊಳೆಯುತ್ತಿತ್ತು. ಅವನು ಗಡಬಡಿಸಿ ತೊಟ್ಟು ಸಿಕ್ಕಿಸಿ ಮುಚ್ಚಳ ಕೈಗೆತ್ತಿಕೊಂಡ.

"ಆತ್ರಿ. ನಾಳೆ ನಸಕಿನ್ಯಾಗ ನೀರು ತುಂಬಿ ಹೊರಡೂದ."

"ಒಣಗೇತೇನು?" ಅಂದರು ಅಜ್ಜ.

"ಹೆಂಗೂ ನೀರ ತುಂಬಾವ್ರಲ್ರೀ. ಒಣಗೂದು ಯಾಕ ಬೇಕು?"

"ಹಸಿ ಇದ್ದಾಗ ಎಲ್ಲಾನೂ ಹೊಳಿತೈತೋ ತಮ್ಮಾ. ಉಳದದ್ದು ಕಾಣೂದು ಒಣಗಿದ ಮ್ಯಾಲೆ."

ಅಡಿವೆಪ್ಪ ಮುಚ್ಚಳ ಕೆಳಗಿಟ್ಟ.

"ಎರಡು ದಿನ ಬೇಕ್ರಿ."

"ಬೇಕಲ್ಲ."

"ಮೂವತ್ತು ಮಂದಿ ಗಂಟು ಕಟ್ಕೊಂಡು ಬರಾಕತ್ತಾರ್ರಿ. ನಾ ಬ್ಯಾರೆ ಕ್ಯಾನಿನ್ಯಾಗ ನೀರು ಹೊತಗೊಂಡು ಬರ್ತೀನ್ರಿ."

ಈಗ ನೀಲಗಂಗವ್ವ ಬಾಯಿ ಹಾಕಿದಳು. "ನಾ ಇದರಾಗನ ಕುಡಿಯಾಕಿ. ಕ್ಯಾನ್ ಹೊತಗೊಂಡು ನೀ ಐದು ದಿನ ಮುಖ ಸಣ್ಣದು ಮಾಡ್ಕೊಂಡು ನಡಿಯೂದನ್ನ ನೋಡಾಕ ಬ್ಯಾರೆ ಯಾರರ ಬರ್ಲಿ. ಮೂವತ್ತೆಂಟು ವರ್ಷ ತಡದಾಕಿಗೆ ಎರಡು ದಿನ ಹೆಚ್ಚೇನು?"

"ಅವರಿಗೆ ಏನಂತ ಹೇಳ್ತೀರಿ ಅಜ್ಜಾರ?"

"ನಾ ಯಾಕ ಹೇಳ್ಲಿ?" ಅಂದರು ಅಜ್ಜ.

ದೀಪ ಹಚ್ಚುವ ಹೊತ್ತಿಗೆ ಅಂಗಳ ತುಂಬಿತು. ಅಡಿವೆಪ್ಪ ಕಟ್ಟೆಯ ಮೇಲೆ ನಿಂತ. ಜನ ಚಪ್ಪಲಿ ಸರಿಮಾಡಿಕೊಂಡರು.

"ಅಜ್ಜಾರ ನೀರಿನ ಚೀಲದಾಗ ಬೂಷ್ಟ ಹಿಡದಿತ್ರಿ. ಹನ್ನೊಂದು ತಿಂಗಳು ಒಳಗ ತೊಳದಿದ್ದಿಲ್ಲ ನಾನು. ಕಂಡ ಮ್ಯಾಲೂ ಮುಚ್ಚಿಟ್ಟೆ. ಈಗ ತೊಳದೀವಿ, ಒಣಗಾಕ ಎರಡು ದಿನ ಬೇಕು. ಯಾತ್ರಿ ತಡ ಆದದ್ದು ನನ್ನಿಂದ."

ಬೈಗುಳ ಬರುತ್ತದೆಂದು ಅಡಿವೆಪ್ಪ ತಲೆ ತಗ್ಗಿಸಿ ನಿಂತ.

ಹಿಂದಿನ ಸಾಲಿನಲ್ಲಿ ಒಬ್ಬ ಸದ್ದಿಲ್ಲದೆ ತನ್ನ ಫ್ಲಾಸ್ಕಿನ ಮುಚ್ಚಳ ತೆಗೆದು ಮೂಸಿ ನೋಡಿದ. ಮುಖ ಹಿಂಡಿದ. ಪಕ್ಕದವಳು ಅದನ್ನು ಕಂಡು ತನ್ನ ಬಾಟಲಿ ತೆಗೆದಳು. ಅವಳ ಪಕ್ಕದವನೂ ತೆಗೆದ.

"ಅಡಿವೆಪ್ಪಾರ" ಎಂದು ಯಾರೋ ಮೆಲ್ಲಗೆ ಕೇಳಿದರು, "ಸೋಡಾ ಇನ್ನೂ ಉಳದೈತೇನ್ರಿ?"

ಆ ಸಂಜೆ ಹೊಳೆಯ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಯಾತ್ರೆ ತಡವಾಯಿತೆಂದು ಒಬ್ಬರೂ ಗೊಣಗಲಿಲ್ಲ.

ಕೋಶವನ್ನು ಪಡಸಾಲೆಯ ಹಗ್ಗಕ್ಕೆ ಬಾಯಿ ಕೆಳಗಾಗಿ ತೂಗುಹಾಕಿದರು. ಗೋಡೆಗಳು ಒಂದಕ್ಕೊಂದು ಅಂಟಬಾರದೆಂದು ನೀಲಗಂಗವ್ವ ಒಳಗೆ ಮರದ ಸೌಟು ತೂರಿಸಿದಳು. ನಳಿಕೆ ಬೇರೆಯಾಗಿ, ನೆಟ್ಟಗೆ ಇಳಿಬಿದ್ದಿತು. ತೊಟ್ಟು ಒಂದು ತಟ್ಟೆಯಲ್ಲಿ. ಬಿಸಿಲು ತಾಗದು, ಹೊಳೆಯ ಗಾಳಿ ಮಾತ್ರ ಬರುತ್ತದೆ, ಅಂಥ ಜಾಗ.

ಮರುದಿನ ಅಡಿವೆಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಗಳಿಗೆಗೊಮ್ಮೆ ಹೋಗಿ ಒಳಗೆ ಬೆರಳಾಡಿಸುವನು. ಆಮೇಲೆ ಬಟ್ಟೆ ತಂದ.

"ಏನದು?" ಅಜ್ಜ ಕೇಳಿದರು.

"ಒರಸಿದ್ರ ಲಗೂನ ಒಣಗತೈತ್ರಿ."

"ಬಟ್ಟಿ ಹಾಕಬ್ಯಾಡ. ಬೆರಳೂ ಹಾಕಬ್ಯಾಡ."

"ಮತ್ತ ನಾ ಏನ ಮಾಡ್ಲಿ?"

"ಬಾಯಿ ತೆರದಿಟ್ಟೀಯಲ್ಲ. ನಿನ್ನ ಕೆಲಸ ಮುಗೀತು."

ಅಡಿವೆಪ್ಪ ಕಂಬಕ್ಕೊರಗಿ ಕೂತ. ಏನೂ ಮಾಡದೆ ಕೂರುವುದು ಅವನಿಗೆ ಹೊಸದು. ಮಧ್ಯಾಹ್ನದ ಹೊತ್ತಿಗೆ ಅಲ್ಲೇ ನಿದ್ದೆ ಹೋದ. ಮಠಕ್ಕೆ ಬಂದ ಮೇಲೆ ಅವನು ಹಗಲು ಮಲಗಿದ್ದನ್ನು ಯಾರೂ ಕಂಡಿರಲಿಲ್ಲ. ನೀಲಗಂಗವ್ವ ಬಂದು ನೋಡಿ, ಸದ್ದು ಮಾಡದೆ ಹೋದಳು.

ಎರಡನೆಯ ದಿನ ಕೋಶ ಒಣಗಿತು. ಅಡಿವೆಪ್ಪ ಅದನ್ನು ಬೆಳಕಿಗೆ ಹಿಡಿದ. ಕೆಳಗಿನ ಬೆಸುಗೆಯ ಮೂಲೆಯಲ್ಲಿ, ಹಸಿಯಿದ್ದಾಗ ಕಾಣದಿದ್ದ ಒಂದು ಕಪ್ಪು ಚುಕ್ಕೆ.

ಅವನು ಅತ್ತಿತ್ತ ನೋಡಲಿಲ್ಲ. "ಅವ್ವಾ, ಬಾ ಇಲ್ಲೆ! ಇನ್ನೂ ಒಂದು ಉಳದೈತಿ ನೋಡು!" ಎಂದು ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ.

ಅವಳು ಬ್ರಷ್ ಹಿಡಿದುಕೊಂಡೇ ಬಂದಳು. ಉಜ್ಜಿದರು, ತೊಳೆದರು, ಮತ್ತೆ ತೂಗುಹಾಕಿದರು. ಗಾಳಿ ಜೋರಿತ್ತು. ಮರುದಿನ ನಸುಕಿನಲ್ಲಿ ತೆಗೆದು ನೋಡಿದಾಗ ಮೂಗಿಗೂ ಕಣ್ಣಿಗೂ ಏನೂ ಸಿಗಲಿಲ್ಲ. ನೀರು ತುಂಬಿ ಹೊರಟರು.

ನೀಲಗಂಗವ್ವ ಬೆಟ್ಟ ಹತ್ತಿದಳು.

ಅಡವಿಯಲ್ಲಿ ಚೀಲದ ಎರಡೂ ಲೀಟರ್ ನೀರನ್ನು ಅವಳೊಬ್ಬಳೇ ಸದ್ದು ಮಾಡಿ ಹೀರಿದಳು. ಕಡಿದಾದ ಏರಿನಲ್ಲಿ ಒಂದು ಕೈಯಲ್ಲಿ ಕೋಲು, ಒಂದು ಕೈ ಅಡಿವೆಪ್ಪನ ಹೆಗಲ ಮೇಲೆ, ಬಾಯಲ್ಲಿ ನಳಿಕೆ. ಮೇಲೆ ಹೋಗಿ ಮಲ್ಲಯ್ಯನ ಮುಂದೆ ನಿಂತಾಗ ಏನನ್ನೂ ಬೇಡಿಕೊಳ್ಳಲಿಲ್ಲ. "ಬಂದೆ ನೋಡು" ಅಂದಳಂತೆ, ಅಷ್ಟೇ.

ತಿರುಗಿ ಬಂದ ದಿನ ಸಂಜೆ ಅಡಿವೆಪ್ಪ ಮೆಟ್ಟಿಲ ಮೇಲೆ ಅಜ್ಜನ ಪಕ್ಕದಲ್ಲಿ ಕೂತ. ಮಠ ಸುಟ್ಟಿರಲಿಲ್ಲ, ಆದರೆ ಅಡುಗೆಮನೆಯ ಒಂದು ಗೋಡೆ ಕರ್ರಗಾಗಿತ್ತು. ಅದರ ಬಗ್ಗೆ ನೀಲಗಂಗವ್ವ ಒಳಗಿನಿಂದ ಬೈಯುವುದು ಕೇಳುತ್ತಿತ್ತು.

"ಹೆಂಗಾತು ಯಾತ್ರಿ?"

"ಯಾತ್ರಿ ಚಲೋ ಆತ್ರಿ. ನನ್ನ ಮಾನ ಮಾತ್ರ ಉಳೀಲಿಲ್ಲ."

"ಯಾಕೋ?"

"ಹೋಗೂ ದಾರ್ಯಾಗೂ ಅದ, ಬರೂ ದಾರ್ಯಾಗೂ ಅದ ರೀ. ಎಲ್ಲಾರೂ ನನಗ ಹೇಳಾವ್ರ ಆದ್ರು. ಅಡಿವೆಪ್ಪಾ, ನಿನ್ನ ಟವೆಲ್ ನಾರತೈತಿ. ಅಡಿವೆಪ್ಪಾ, ಗಡ್ಡದಾಗ ಅನ್ನ ಅಂಟೇತಿ. ಅಡಿವೆಪ್ಪಾ, ಭಾಳ ಲಗೂ ನಡೀತಿ, ಹಿಂದಿನವ್ರಿಗೆ ಆಗಂಗಿಲ್ಲ. ನಾ ಗೊರಕಿ ಹೊಡೀತೀನಿ ಅಂತ ನೀಲಗಂಗವ್ವ ಮೂವತ್ತು ಮಂದಿ ಮುಂದ ಹೇಳಿದ್ಲು."

"ಹೊಡೀತೀ."

ಅಡಿವೆಪ್ಪ ಅವರ ಕಡೆಗೆ ತಿರುಗಿದ. ನೋವೂ ಇತ್ತು, ಒಳಗೊಳಗೇ ನಗುವೂ ಬರುತ್ತಿತ್ತು.

"ಆರು ವರ್ಷದಾಗ ಒಬ್ಬರರ ಒಂದು ಮಾತು ಅಂದಿದ್ದಿಲ್ಲಲ್ರಿ ನನಗ!"

ಅಜ್ಜ ತಮ್ಮ ಸೊಟ್ಟ ಬೆರಳುಗಳನ್ನು ಅವನ ತಲೆಯ ಮೇಲಿಟ್ಟರು.

"ಹೌದೋ ತಮ್ಮಾ. ಆರು ವರ್ಷ ನಮ್ಮ ನಡುವನ ಇದ್ದೂ ಎಷ್ಟ ಒಬ್ಬಂಟಿ ಇದ್ದಿ."